ನಕ್ಷತ್ರ ಕಾಣುತ್ತೆ, ನೀಹಾರಿಕೆ ಕಾಣಲ್ಲ: ಟೆರೇಸಿನ ಟೆಲಿಸ್ಕೋಪಿನಲ್ಲಿ ದೋಷ ಹುಡುಕುವ ಬಗೆ

ಡಿಸೆಂಬರ್‌ನ ಒಂದು ಸಂಜೆ ಪಕ್ಕದ ಮನೆಯ ಹುಡುಗ ತನ್ನ ಟೆಲಿಸ್ಕೋಪ್ ಹೊತ್ತುಕೊಂಡು ನಮ್ಮ ಟೆರೇಸಿಗೆ ಬಂದ. ಒಂಬತ್ತನೇ ಕ್ಲಾಸು. "ಆಂಟಿ, ಇದು ಡೂಪ್ಲಿಕೇಟ್ ಅನ್ಸುತ್ತೆ. ಚಂದ್ರ ಬಿಟ್ರೆ ಏನೂ ಕಾಣಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ ಹುಡುಕಿ ಹುಡುಕಿ ಸಾಕಾಯ್ತು" ಅಂದ. ನನಗೆ ನನ್ನ ಮೊದಲ ಚಳಿಗಾಲ ನೆನಪಾಯಿತು. ಬಸವೇಶ್ವರನಗರದ ಇದೇ ಟೆರೇಸಿನಲ್ಲಿ, 6 ಇಂಚು ಕನ್ನಡಿಯ ಡಾಬ್ಸೋನಿಯನ್ ಎಂಬ ಬಗೆಯ ಟೆಲಿಸ್ಕೋಪ್ ಮುಂದೆ ಕೂತು ನಾನೂ ಇದನ್ನೇ ಅಂದುಕೊಂಡಿದ್ದೆ. ಕನ್ನಡಿ ಮಂಕಾಗಿದೆ ಎಂದು ತೀರ್ಮಾನಿಸಿ ಕನ್ನಡಕ ಒರೆಸುವ ಬಟ್ಟೆಯಿಂದ ಅದನ್ನು ಒರೆಸಿಬಿಟ್ಟೆ. ಕನ್ನಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಒರೆಸಿದಾಗ ಬಿದ್ದ ಸಣ್ಣ ಗೀರುಗಳು ಇವತ್ತಿಗೂ ಹಾಗೇ ಇವೆ. ಆಮೇಲೆ ವಿಚಾರಿಸಿದ ಒಂದು ಅಂಗಡಿಯವರು ದೊಡ್ಡದು ತಗೊಳ್ಳಿ ಅಂದರು. ಅದನ್ನೂ ಮಾಡುವುದರಲ್ಲಿದ್ದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವುದನ್ನೂ ಬಿಚ್ಚುವ ಮೊದಲು, ಯಾವುದನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ.

ಮೊದಲ ಪರೀಕ್ಷೆ: ಚುಕ್ಕಿ ಹೇಗಿದೆ?

"ಏನೂ ಕಾಣಲ್ಲ" ಎನ್ನುವುದರೊಳಗೆ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಕಡಿಮೆ ಪವರ್‌ನ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಚಿಕ್ಕ ಲೆನ್ಸ್, ಹಾಕಿ. ಅದರ ಮೇಲೆ 25 ಎಂದೋ 20 ಎಂದೋ ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಪವರ್ ಕಡಿಮೆ. ಆಕಾಶದಲ್ಲಿ ಸಾಕಷ್ಟು ಮೇಲೆ ಬಂದಿರುವ ಒಂದು ನಕ್ಷತ್ರಕ್ಕೆ ಗುರಿಯಿಟ್ಟು ಫೋಕಸ್ ಮಾಡಿ. ಡಿಸೆಂಬರ್ ರಾತ್ರಿಯಾದರೆ ರೋಹಿಣಿ ಆಗಬಹುದು.

ನಕ್ಷತ್ರ ಸೂಜಿಮೊನೆಯಂಥ ಚುಕ್ಕಿಯಾಗಿ ನಿಂತರೆ ನಿಮ್ಮ ಟೆಲಿಸ್ಕೋಪ್ ಸರಿಯಿದೆ. ತೊಂದರೆ ಇರುವುದು ಗುರಿಯಲ್ಲಿ, ಕಣ್ಣಿನಲ್ಲಿ ಅಥವಾ ಆಕಾಶದಲ್ಲಿ. ಚುಕ್ಕಿ ಹರಡಿಕೊಂಡರೆ, ಬಾಲ ಬಂದರೆ, ಕುದಿಯುವ ಎಸರಿನ ಹಾಗೆ ಕುಣಿಯುತ್ತಿದ್ದರೆ ಮಾತ್ರ ಗಾಳಿ ಅಥವಾ ಕನ್ನಡಿಯ ಕಡೆ ನೋಡಬೇಕು. ಬೆಂಗಳೂರಿನಲ್ಲಿ ಜಾಸ್ತಿ ಸಲ ಮೊದಲನೆಯದೇ ಆಗಿರುತ್ತದೆ. ಆದರೆ ನಾವು ಶುರು ಮಾಡುವುದು ಕನ್ನಡಿಯಿಂದ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಐಪೀಸ್ ಬದಲಿಸಿ, ಸ್ಕ್ರೂ ತಿರುಗಿಸಿ, ಜಾಗವನ್ನೂ ಬದಲಿಸಿಬಿಟ್ಟರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದೇ ಇಲ್ಲ.

ಚುಕ್ಕಿ ಚೂಪಾಗಿದೆ, ಆದರೂ ಮಂಜಿನಂಥದ್ದು ಕಾಣಲ್ಲ

ಮೊದಲು ಗುರಿ ನೋಡಿ. ಹುಡುಗನ ಟೆಲಿಸ್ಕೋಪಿನ ಕನ್ನಡಿ 76 ಮಿ.ಮೀ. ಅಗಲ, ನಾಭಿದೂರ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ದೂರ) 700 ಮಿ.ಮೀ. ಅದರಲ್ಲಿ ಅವನು ಹಾಕಿದ್ದು 4 ಮಿ.ಮೀ. ಐಪೀಸ್. 700 ಭಾಗಿಸು 4 ಅಂದರೆ 175 ಪಟ್ಟು. ಜೊತೆಗೆ ಬಂದಿದ್ದ, ಪವರನ್ನು 3 ಪಟ್ಟು ಹೆಚ್ಚಿಸುವ ಬಾರ್ಲೋ ಲೆನ್ಸನ್ನೂ ಸೇರಿಸಿದ್ದ: 525 ಪಟ್ಟು. ಕನ್ನಡಿಯ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು, ಅಲ್ಲಿಗೆ ಮಿತಿ. ಇಲ್ಲಿ ಸುಮಾರು 150. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ಹೊಸದೇನೂ ಕಾಣುವುದಿಲ್ಲ, ಕತ್ತಲೆ ಮಾತ್ರ ಹೆಚ್ಚುತ್ತದೆ. ಅಷ್ಟು ಪವರ್‌ನಲ್ಲಿ ನೋಟದ ಜಾಗವೂ ಎಷ್ಟು ಕಿರಿದು ಅಂದರೆ ಪೂರ್ತಿ ಚಂದ್ರ ಕೂಡ ಹಿಡಿಸುವುದಿಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ ಚಂದ್ರನ ಆರರಷ್ಟು ಉದ್ದ. 20 ಮಿ.ಮೀ. ಐಪೀಸ್ ಹಾಕಿದೆವು, 35 ಪಟ್ಟು. ಬಾರ್ಲೋ ವಾಪಸ್ ಡಬ್ಬಿಗೆ ಹೋಯಿತು.

ಆಮೇಲೆ ಫೈಂಡರ್, ಅಂದರೆ ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿರುವ ಚಿಕ್ಕ ಸಾಧನ. ಇದನ್ನು ಹಗಲಿನಲ್ಲೇ ಹೊಂದಿಸಿಕೊಳ್ಳಿ. ಒಂದು ಕಿಲೋಮೀಟರ್‌ಗಿಂತ ದೂರದ ಮೊಬೈಲ್ ಟವರ್ ತುದಿಯನ್ನು ಐಪೀಸಿನ ನಡುವೆ ತಂದು, ಫೈಂಡರಿನ ಸ್ಕ್ರೂ ತಿರುಗಿಸಿ ಅದರ ನಡುವೆಗೂ ಅದೇ ತುದಿ ಬರುವಂತೆ ಮಾಡಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಹೋಗುತ್ತದೆ. ಮಕ್ಕಳು ಹತ್ತಿರ ಇದ್ದರೆ ಮುಚ್ಚಳ ಹಾಕದೆ ಅಲ್ಲಾಡಬೇಡಿ. ಈ ಹತ್ತು ನಿಮಿಷದ ಕೆಲಸ ಮಾಡದೆ ರಾತ್ರಿ ಎರಡು ಗಂಟೆ ಹುಡುಕಿ ಬೇಸತ್ತವರನ್ನು ಬಹಳ ನೋಡಿದ್ದೇನೆ. ಕೆಂಪು ಚುಕ್ಕಿಯ ಫೈಂಡರ್ ಆದರೆ ಅದರ ಬೆಳಕನ್ನು ಆದಷ್ಟು ತಗ್ಗಿಸಿ. ಇಲ್ಲದಿದ್ದರೆ ಹಿಂದಿನ ಮಂಕು ನಕ್ಷತ್ರವನ್ನೇ ಅದು ಮುಚ್ಚಿಬಿಡುತ್ತದೆ.

ಆಂಡ್ರೊಮಿಡಾಕ್ಕೆ ದಾರಿ ಹೀಗೆ. ಉತ್ತರಾಭಾದ್ರದ ದೊಡ್ಡ ಚೌಕದ ಮೂಲೆಯಿಂದ ಹೊರಟರೆ ಎರಡನೆಯ ನಿಲ್ದಾಣ ಮಿರಾಕ್ ಎಂಬ ನಕ್ಷತ್ರ. ಅದು ಬೆಂಗಳೂರಿನಿಂದ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಂದ ಉತ್ತರದ ಕಡೆ ತಿರುಗಿದರೆ ಸುಮಾರು 4 ಡಿಗ್ರಿ ದೂರದಲ್ಲಿ ಮ್ಯೂ ಎಂಬ ಮಂಕು ನಕ್ಷತ್ರ. ಅಷ್ಟೇ ದೂರ ಮುಂದೆ ಹೋದರೆ ಗ್ಯಾಲಕ್ಸಿ. ತೊಂದರೆ ಬರುವುದು ಮ್ಯೂ ಹತ್ತಿರ. ಬರಿಗಣ್ಣಿಗೆ ಅದು ನಮ್ಮ ಆಕಾಶದ ಅಂಚಿನಲ್ಲಿದೆ, ಕೆಲವು ರಾತ್ರಿ ಕಾಣುವುದೇ ಇಲ್ಲ. ಹಾಗಾಗಿ ದೊಡ್ಡದು ಮಾಡದ ಕೆಂಪು ಚುಕ್ಕಿ ಫೈಂಡರ್ ಇಲ್ಲಿ ಕೈಕೊಡುತ್ತದೆ. ಒಂದು ಸಾಧಾರಣ ಬೈನಾಕ್ಯುಲರ್ ಕೈಯಲ್ಲಿದ್ದರೆ ದಾರಿ ತಪ್ಪುವುದಿಲ್ಲ. ಕನ್ನಡಿಗಳಿರುವ ಇಂಥ ನ್ಯೂಟೋನಿಯನ್ ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ ಎಂಬುದೂ ನೆನಪಿರಲಿ. ನಕ್ಷತ್ರ ಎಡಕ್ಕೆ ಜಾರಿದರೆ ಕೊಳವೆಯನ್ನು ನೀವು ಅಂದುಕೊಂಡ ದಿಕ್ಕಿಗೆ ವಿರುದ್ಧವಾಗಿ ತಳ್ಳಬೇಕಾಗುತ್ತದೆ.

ಗುರಿ ಸರಿಯಿದ್ದರೆ ಕಣ್ಣಿಗೆ ಬನ್ನಿ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಕಣ್ಣಿನ ಪಾಪೆ ಬೇಗನೆ ಅಗಲವಾಗುತ್ತದೆ, ಆದರೆ ಮಂಕು ಬೆಳಕನ್ನು ಹಿಡಿಯುವ ಕೋಶಗಳಲ್ಲಿ ಬೇಕಾದ ರಾಸಾಯನಿಕ ತುಂಬಿಕೊಳ್ಳುವುದು ನಿಧಾನ. ಒಂದು ವಾಟ್ಸಾಪ್ ಮೆಸೇಜ್ ನೋಡಿದರೆ ಆ ಅರ್ಧ ಗಂಟೆ ಹೋಯಿತು, ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಮೂರು ಪದರ ಸುತ್ತಿ. ಮೊಬೈಲಿನ ನಕ್ಷೆ ಆ್ಯಪನ್ನು ಕೆಂಪು ಬಣ್ಣಕ್ಕೆ ಹಾಕಿದರೂ ಪರದೆಯ ಬೆಳಕನ್ನು ತಗ್ಗಿಸುವುದು ಮರೆಯಬೇಡಿ.

ಪರೀಕ್ಷೆ ಸುಲಭ. ಆಕಾಶದ ಒಂದೇ ಕಾಯವನ್ನು ಟೆರೇಸಿಗೆ ಬಂದ ಕೂಡಲೇ ಒಮ್ಮೆ, ಅರ್ಧ ಗಂಟೆ ಕತ್ತಲೆಯಲ್ಲಿ ಕೂತ ಮೇಲೆ ಇನ್ನೊಮ್ಮೆ ನೋಡಿ. ಎರಡನೇ ಸಲ ಹೆಚ್ಚು ಕಂಡರೆ ದೋಷ ಸಿಕ್ಕಿತು. ವ್ಯತ್ಯಾಸವೇ ಇಲ್ಲ ಅಂದರೆ ಎಲ್ಲಿಂದಲೋ ಬೆಳಕು ನೇರವಾಗಿ ಕಣ್ಣಿಗೆ ಬೀಳುತ್ತಿದೆ, ಕಣ್ಣು ಒಗ್ಗಲು ಬಿಡುತ್ತಿಲ್ಲ. ಎದುರು ಮನೆಯ ಬಾಲ್ಕನಿ ದೀಪ, ಬೀದಿಯ ಎಲ್‌ಇಡಿ, ಯಾವುದಾದರೂ ಇರಬಹುದು. ನಾನು ತಲೆಯ ಮೇಲೆ ಕರಿ ಕಂಬಳಿ ಹೊದ್ದು ಐಪೀಸನ್ನೂ ಸೇರಿಸಿ ಮುಚ್ಚಿಕೊಳ್ಳುತ್ತೇನೆ. ಹಳೇ ಸ್ಟುಡಿಯೋ ಫೋಟೋಗ್ರಾಫರ್ ಮಾಡುತ್ತಿದ್ದರಲ್ಲ, ಹಾಗೆ. ದುಡ್ಡು ಖರ್ಚಿಲ್ಲದೆ ಇಷ್ಟು ಲಾಭ ಕೊಡುವ ಉಪಾಯ ಇನ್ನೊಂದನ್ನು ನಾನು ಕಂಡಿಲ್ಲ. ಉಸಿರನ್ನು ಮಾತ್ರ ಕೆಳಗೆ ಬಿಡಿ, ಐಪೀಸ್ ಮೇಲೆ ಹಬೆ ಕೂರುತ್ತದೆ.

ನೋಡುವ ರೀತಿಯೂ ಬೇರೆ. ಮಂಕಾದದ್ದನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಏಕೆಂದರೆ ಕಣ್ಣಿನ ನಟ್ಟನಡುವೆ ಮಂಕು ಬೆಳಕಿನ ಕೋಶಗಳೇ ಇಲ್ಲ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಇಡಿ. ಕಾಯ ನಿಮ್ಮ ಮೂಗಿನ ಕಡೆ ಬರಬೇಕು, ಕಿವಿಯ ಕಡೆ ಬಂದರೆ ಕಣ್ಣಿನ ಕುರುಡು ಚುಕ್ಕೆಗೆ ಬೀಳಬಹುದು. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲುಗಾಡುವ ಮಂಕು ಬೆಳಕನ್ನು ಕಣ್ಣು ಬೇಗ ಹಿಡಿಯುತ್ತದೆ. ಬಣ್ಣ ನಿರೀಕ್ಷಿಸಬೇಡಿ. ಫೋಟೋಗಳಲ್ಲಿ ಕಾಣುವ ಕೆಂಪು, ನೀಲಿ ಎಲ್ಲ ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿಕೊಂಡದ್ದು. ಕಣ್ಣಿಗೆ ಬರುವುದು ಬೂದು ಬಣ್ಣ. ಬಂದದ್ದನ್ನು "ಕಾಣಲಿಲ್ಲ" ಎಂದು ಬಿಟ್ಟುಬಿಡುವುದು ಇದರಿಂದಲೇ.

ಆಕಾಶ ಇವತ್ತು ಹೇಗಿದೆ?

ಊರಿನ ಆಕಾಶ ಅಳೆಯಲು ಹೊರದೇಶದ ಪುಸ್ತಕಗಳು ಧ್ರುವನ ಸುತ್ತಲಿನ ಲಘು ಸಪ್ತರ್ಷಿಯನ್ನು ಹೇಳುತ್ತವೆ. ಅದು ನಮಗೆ ಕೆಲಸಕ್ಕೆ ಬಾರದು. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಹಾಗಾಗಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ನಮ್ಮ ಮನೆಯಿಂದ ಅದು ಯಾರದೋ ನೀರಿನ ಟ್ಯಾಂಕಿನ ಹಿಂದೆ ಹೋಗುತ್ತದೆ.

ನಾನು ಬಳಸುವುದು ಮೃಗಶಿರ. ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ತಲೆಯ ಜಾಗದಲ್ಲಿ ಮೂರು ಸಣ್ಣ ನಕ್ಷತ್ರಗಳ ತ್ರಿಕೋನ ಇದೆ. ಅತಿ ಪ್ರಕಾಶದ್ದು ಸುಮಾರು 3.4 ಕಾಂತಿಮಾನ (ಪ್ರಕಾಶದ ಅಳತೆ, ಅಂಕಿ ಹೆಚ್ಚಾದಷ್ಟೂ ಮಂಕು), ಉಳಿದೆರಡು 4.1 ಮತ್ತು 4.4. ಬರಿಗಣ್ಣಿಗೆ ಒಂದೇ ಕಂಡರೆ ಅವತ್ತು ನಕ್ಷತ್ರಗುಚ್ಛ, ಜೋಡಿ ನಕ್ಷತ್ರ ನೋಡಿ. ಮೂರೂ ಕಂಡರೆ ಅದು ಬೆಂಗಳೂರಿಗೆ ಒಳ್ಳೆಯ ರಾತ್ರಿ, ಮಂಕು ಗ್ಯಾಲಕ್ಸಿಗಳಿಗೂ ಪ್ರಯತ್ನಿಸಬಹುದು. ನಮ್ಮ ಹಿರಿಯರು ಮಳೆಗಳಿಗೆ ಹೆಸರಿಟ್ಟ ನಕ್ಷತ್ರಗಳೇ ಇವೆಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಓದುವ ಹೆಸರನ್ನು ಆಕಾಶದಲ್ಲಿ ಗುರುತಿಸುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಅದೇ ಕ್ಯಾಲೆಂಡರಿನಲ್ಲಿ ತಿಥಿಯನ್ನೂ ನೋಡಿಕೊಳ್ಳಿ. ಕೃಷ್ಣ ಪಕ್ಷದ ಅಷ್ಟಮಿ ಕಳೆದರೆ ಚಂದ್ರ ಬರುವುದು ಮಧ್ಯರಾತ್ರಿಯ ಮೇಲೆ. ಅಲ್ಲಿಂದ ಶುಕ್ಲ ಪಕ್ಷದ ಚೌತಿವರೆಗೆ ನಮ್ಮ ಕಾಲ.

ದೀಪಾವಳಿಯ ಹೊಗೆಯ ವಾರದಲ್ಲಿ ಟೆಲಿಸ್ಕೋಪನ್ನು ದೂರಬೇಡಿ. ಮಳೆ ಬಂದು ಧೂಳು ತೊಳೆದು ಮೋಡ ಬಿಟ್ಟ ರಾತ್ರಿ ಮಾತ್ರ ಯಾವ ಕೆಲಸ ಇದ್ದರೂ ಬಿಟ್ಟು ಟೆರೇಸಿಗೆ ಹೋಗಿ. ನಕ್ಷತ್ರಗಳು ಜೋರಾಗಿ ಮಿನುಗುತ್ತಿದ್ದರೂ ಪರವಾಗಿಲ್ಲ. ಮಿನುಗು ಗ್ರಹ ನೋಡುವವರಿಗೆ ಶತ್ರು. ನೀಹಾರಿಕೆಗೆ ಬೇಕಾದದ್ದು ತಿಳಿಯಾದ ಗಾಳಿ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಅಂಕಿ ಇದೆ. ಮಂಜಿನಂಥ ಕಾಯಗಳ ಮೆಸ್ಯೆ ಪಟ್ಟಿಯಲ್ಲಿ (ಎಂ ಅಂದರೆ ಅದೇ) ಎಂ33 ಗ್ಯಾಲಕ್ಸಿಯ ಕಾಂತಿಮಾನ 5.7, ಅಭಿಜಿತ್ ನಕ್ಷತ್ರದ ಹತ್ತಿರದ ಉಂಗುರ ನೀಹಾರಿಕೆ ಎಂ57ರದು 8.8. ಅಂಕಿ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು, ಆದ್ದರಿಂದ ಎಂ33 ಸುಲಭ ಅನ್ನಿಸುತ್ತದೆ, ಅಲ್ವಾ? ನಮ್ಮ ಟೆರೇಸಿನಿಂದ ನನಗೆ ಎಂ57 ಪ್ರತಿ ಸಲ ಕಂಡಿದೆ, ಎಂ33 ಒಂದು ಸಲವೂ ಇಲ್ಲ. ಎಂ33ರ ಬೆಳಕು ಒಂದು ಡಿಗ್ರಿಗಿಂತ ಹೆಚ್ಚು ಜಾಗಕ್ಕೆ ಹರಡಿದೆ, ಒಂದು ಚಮಚ ತುಪ್ಪವನ್ನು ಹಂಡೆ ಅನ್ನಕ್ಕೆ ಕಲಸಿದ ಹಾಗೆ. ಉಂಗುರ ನೀಹಾರಿಕೆಯದು ಚಿಕ್ಕ ಜಾಗದಲ್ಲಿ ಒತ್ತಾಗಿದೆ.

ಎಂ33 ಕಾಣದಿದ್ದಾಗ ನಾನು ಮತ್ತೆ ಕನ್ನಡಿಯನ್ನು ಅನುಮಾನಿಸಿದೆ. ಒಂದು ಸಂಕ್ರಾಂತಿಗೆ ಅಮ್ಮನ ಊರಿಗೆ ಹೋಗುವಾಗ ಟೆಲಿಸ್ಕೋಪನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಚಳ್ಳಕೆರೆ ಹತ್ತಿರದ ಹಳ್ಳಿ, ಚಂದ್ರನಿಲ್ಲದ ರಾತ್ರಿ. ಅದೇ ಗೀರು ಬಿದ್ದ ಕನ್ನಡಿ, ಅದೇ 25 ಮಿ.ಮೀ. ಐಪೀಸ್. ಎಂ33 ಮೊದಲ ಪ್ರಯತ್ನಕ್ಕೇ ಬಂತು, ಅಗಲವಾದ ಮಂಕು ಮೋಡವಾಗಿ. ಟೆಲಿಸ್ಕೋಪಿನಲ್ಲಿ ದೋಷ ಇದೆಯೇ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಖಗೋಳ ವಿಜ್ಞಾನಿ ವೈನು ಬಾಪು ಅವರು ದೊಡ್ಡ ವೀಕ್ಷಣಾಲಯಕ್ಕೆ ಆರಿಸಿಕೊಂಡದ್ದು ಊರ ಬೆಳಕಿನಿಂದ ದೂರದ, ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು. 1986ರಲ್ಲಿ 2.3 ಮೀಟರ್ ದೂರದರ್ಶಕ ಶುರುವಾದದ್ದು ಅಲ್ಲೇ. ಅಷ್ಟು ದೊಡ್ಡ ಕನ್ನಡಿಗೂ ಕತ್ತಲೆ ಬೇಕು.

ಐಪೀಸಿಗೆ ಹಾಕುವ, ಬೆಳಕು ಸೋಸುವ ಫಿಲ್ಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಓ-3 ಫಿಲ್ಟರ್ 500.7 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಹೊಳೆಯುವ ಅನಿಲದ ನೀಹಾರಿಕೆಗಳು ಆ ಬೆಳಕನ್ನೇ ಚೆಲ್ಲುತ್ತವೆ, ಹಾಗಾಗಿ ಅವು ಎದ್ದು ಕಾಣುತ್ತವೆ. ಗ್ಯಾಲಕ್ಸಿ, ನಕ್ಷತ್ರಗುಚ್ಛಗಳ ಬೆಳಕು ಎಲ್ಲ ಬಣ್ಣಕ್ಕೂ ಹರಡಿರುವುದರಿಂದ ಫಿಲ್ಟರ್ ಹಾಕಿದರೆ ಅವೂ ಮಂಕಾಗುತ್ತವೆ. ಊರ ಬೆಳಕು ತಡೆಯುತ್ತದೆ ಎಂದು ಮಾರುವ ಸಾಮಾನ್ಯ ಫಿಲ್ಟರ್‌ಗಳು ಹಳೆಯ ಹಳದಿ ಸೋಡಿಯಂ ದೀಪಗಳ ಕಾಲಕ್ಕೆ ಚೆನ್ನಾಗಿದ್ದವು. ಬಿಳಿ ಎಲ್‌ಇಡಿ ಬೆಳಕು ಎಲ್ಲ ಬಣ್ಣದಲ್ಲೂ ಇದೆ, ಅದನ್ನು ಸೋಸುವುದು ಕಷ್ಟ. ಅದಕ್ಕೆ ದುಡ್ಡು ಹಾಕಬೇಡಿ.

ಚುಕ್ಕಿಯೇ ಸರಿಯಿಲ್ಲದಿದ್ದರೆ

ಒಂದು ಪ್ರಕಾಶದ ನಕ್ಷತ್ರವನ್ನು ಹೆಚ್ಚು ಪವರ್‌ನಲ್ಲಿ ಹಿಡಿದು, ಬೇಕೆಂದೇ ಫೋಕಸ್ ಸ್ವಲ್ಪ ತಪ್ಪಿಸಿ. ನಡುವೆ ತೂತಿರುವ ಉದ್ದಿನ ವಡೆಯಂಥ ಬಿಲ್ಲೆ ಕಾಣುತ್ತದೆ. ಉಳಿದ ದೋಷಗಳನ್ನೆಲ್ಲ ಆ ವಡೆಯೇ ಹೇಳುತ್ತದೆ.

ವಡೆಯೊಳಗೆ ಒಂದು ಕಡೆಯಿಂದ ಹೊಗೆ ಎದ್ದ ಹಾಗೆ ಅಲೆಗಳು ನಿಧಾನ ತೇಲುತ್ತಿದ್ದರೆ ಕನ್ನಡಿ ಇನ್ನೂ ಬಿಸಿ ಇದೆ. ಮನೆಯೊಳಗಿಂದ ತಂದ ದಪ್ಪ ಗಾಜು ಹೊರಗಿನ ತಣ್ಣಗೆ ಬರಲು 45 ನಿಮಿಷ, ಕೆಲವೊಮ್ಮೆ ಒಂದು ಗಂಟೆ ಬೇಕು. ಊಟಕ್ಕೆ ಮೊದಲೇ ಟೆರೇಸಿನಲ್ಲಿಟ್ಟು ಬನ್ನಿ. ಇಡೀ ಬಿಲ್ಲೆಯೇ ಸರಸರನೆ ಕುದಿಯುತ್ತಿದ್ದರೆ ಅದು ಹೊರಗಿನ ಗಾಳಿ. ಬೇಸಿಗೆಯಲ್ಲಿ ನಮ್ಮ ಆರ್‌ಸಿಸಿ ಟೆರೇಸು ಹಗಲಿಡೀ ಕಾದು ಮಧ್ಯರಾತ್ರಿವರೆಗೂ ಬಿಸಿ ಉಗುಳುತ್ತಿರುತ್ತದೆ. ಹಿತ್ತಲಿನಲ್ಲಿ ಮಣ್ಣೋ ಹುಲ್ಲೋ ಇದ್ದರೆ ಅಲ್ಲಿಗೆ ಇಳಿಸಿ. ಇಲ್ಲವೆಂದರೆ ಟೆರೇಸಿನ ನಡುವಿಗಿಂತ ಗಾಳಿಯಾಡುವ ಅಂಚು ಮೇಲು. ಅಕ್ಕಪಕ್ಕದ ಎಸಿ ಯಂತ್ರದ ಮೇಲಿಂದ ಮಾತ್ರ ನೋಡಬೇಡಿ.

ತೂತು ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ ಕೊಲಿಮೇಶನ್ ತಪ್ಪಿದೆ, ಅಂದರೆ ಎರಡು ಕನ್ನಡಿಗಳು ಒಂದೇ ಸಾಲಿನಲ್ಲಿಲ್ಲ. ಮೆಟ್ಟಿಲು ಹತ್ತಿಸುವಾಗ ಕುಲುಕಿದರೂ ಸಾಕು. ಕೊಳವೆಯ ಹಿಂದಿನ ಮೂರು ಹೊಂದಿಸುವ ಸ್ಕ್ರೂಗಳಲ್ಲಿ ಒಂದನ್ನು ಕಾಲು ಸುತ್ತು ತಿರುಗಿಸಿ. ನಕ್ಷತ್ರ ಜಾರಿಹೋಗುತ್ತದೆ, ಅದನ್ನು ಮತ್ತೆ ನಡುವೆ ತಂದ ಮೇಲೇ ತೂತು ಎತ್ತ ಹೋಯಿತು ನೋಡಿ. ಈ ನಡುವೆ ತರುವ ಹೆಜ್ಜೆ ಬಿಟ್ಟರೆ ಎಲ್ಲ ತಪ್ಪುತ್ತದೆ. ಕೆಟ್ಟದಾದರೆ ಅದನ್ನೇ ವಾಪಸ್ ತಿರುಗಿಸಿ. ಅಲುಗದ ನಕ್ಷತ್ರ ಎಂದು ಇದಕ್ಕೂ ಧ್ರುವನನ್ನು ಹೇಳುತ್ತಾರೆ. ನಮಗೆ ಅದು ದಪ್ಪ ಗಾಳಿಯ ಆಚೆ ಕೆಳಗಿದೆ. ಮೇಲೆ ಬಂದ ನಕ್ಷತ್ರವನ್ನೇ ಹಿಡಿಯಿರಿ, ಆಗಾಗ ನಡುವೆ ತರಬೇಕಾದರೂ ಸರಿ. ಲೇಸರ್ ಉಪಕರಣ ಕೊಳ್ಳುವವರು ಗಮನಿಸಿ, ಲೇಸರ್ ತಾನೇ ಓರೆಯಾಗಿರಬಹುದು. ಫೋಕಸರ್‌ನಲ್ಲೇ ಅದನ್ನು ಸುತ್ತ ತಿರುಗಿಸಿದಾಗ ಕೆಂಪು ಚುಕ್ಕಿ ವೃತ್ತ ಬರೆದರೆ ಅದನ್ನು ನಂಬಬೇಡಿ.

ಫೋಕಸಿನ ಒಂದು ಕಡೆ ಬಿಲ್ಲೆ ಉದ್ದಕ್ಕೆ, ಇನ್ನೊಂದು ಕಡೆ ಅಡ್ಡಕ್ಕೆ ಎಳೆದಂತಿದ್ದರೆ ಅದು ಅಸ್ಟಿಗ್ಮಾಟಿಸಂ. ಯಾರದು ಎಂದು ಪತ್ತೆ ಮಾಡುವುದು ಸುಲಭ. ತಲೆ ಓರೆ ಮಾಡಿ. ಉದ್ದದ ದಿಕ್ಕೂ ಜೊತೆಗೆ ತಿರುಗಿದರೆ ನಿಮ್ಮ ಕಣ್ಣಿನದು, ಕನ್ನಡಕ ಹಾಕಿಕೊಂಡೇ ನೋಡಿ. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಎರಡಕ್ಕೂ ಕದಲದಿದ್ದರೆ ಕನ್ನಡಿಯದು. ಕನ್ನಡಿಯ ಮೂರು ಹಿಡಿಕೆಗಳು ಬಿಗಿಯಾದರೆ ನಕ್ಷತ್ರ ತ್ರಿಕೋನವಾಗುತ್ತದೆ, ಅವುಗಳ ಕೆಳಗೆ ಒಂದು ಹಾಳೆ ಜಾರುವಷ್ಟು ಸಡಿಲ ಇರಲಿ. ನೋಟದ ಅಂಚಿನಲ್ಲಿ ಮಾತ್ರ ಬಾಲ ಕಂಡರೆ ಅದು ಈ ಬಗೆಯ ಟೆಲಿಸ್ಕೋಪಿನ ಸ್ವಭಾವ, ಬಿಟ್ಟುಬಿಡಿ.

ಮೊದಲ ಒಂದು ಗಂಟೆ ಚೆನ್ನಾಗಿದ್ದು ಆಮೇಲೆ ಎಲ್ಲ ಮಸುಕಾದರೆ ಇಬ್ಬನಿ. ಮೊದಲು ಐಪೀಸ್, ಫೈಂಡರ್ ಮೇಲೆ ಕೂರುತ್ತದೆ, ಆಮೇಲೆ ಚಿಕ್ಕ ಕನ್ನಡಿಗೆ. ಒರೆಸಬೇಡಿ. ಕೊಳವೆಯ ಬಾಯಿಗೆ ಕಪ್ಪು ಡ್ರಾಯಿಂಗ್ ಶೀಟಿನ ಉದ್ದನೆ ಸುರುಳಿ ಸುತ್ತಿದರೆ ಇಬ್ಬನಿಯೂ ತಡವಾಗುತ್ತದೆ, ಪಕ್ಕದ ದೀಪವೂ ಒಳಗೆ ಬರುವುದಿಲ್ಲ. ಬಳಸದ ಐಪೀಸ್ ಜೇಬಿನಲ್ಲಿ ಬೆಚ್ಚಗಿರಲಿ.

ಕನ್ನಡಿಯ ಧೂಳಿನ ಬಗ್ಗೆ ನಾನು ಹೇಳುವುದು ಇಷ್ಟೇ: ಮುಟ್ಟಬೇಡಿ. ಟಾರ್ಚ್ ಬಿಟ್ಟು ನೋಡಿದರೆ ಎಂಥ ಕನ್ನಡಿಯೂ ಹಾಳಾದಂತೆ ಕಾಣುತ್ತದೆ, ನೋಟಕ್ಕೆ ಅದರಿಂದ ಆಗುವ ನಷ್ಟ ಬಹಳ ಕಡಿಮೆ. ಜೇಡರ ಬಲೆಯಂಥ ಎಳೆಗಳು ಕಂಡರೆ ಮಾತ್ರ ಅದು ಮಳೆಗಾಲದ ಬೂಷ್ಟು. ಆಗ ಕನ್ನಡಿಯನ್ನು ತೆಗೆದು ಡಿಸ್ಟಿಲ್ಡ್ ನೀರಿನಲ್ಲಿ, ಉಜ್ಜದೆ ತೊಳೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಈ ಕಷ್ಟವೇ ಬರುವುದಿಲ್ಲ.

ಅವತ್ತು ಸಿಕ್ಕ ದೋಷಗಳು

ಹುಡುಗನ ಟೆಲಿಸ್ಕೋಪಿನಲ್ಲಿ ರೋಹಿಣಿ ಸೂಜಿಮೊನೆಯ ಹಾಗೆ ನಿಂತಿತು. ಕನ್ನಡಿ ಚೆನ್ನಾಗಿತ್ತು. ಐಪೀಸ್ ಬದಲಾಯಿತು. ಫೈಂಡರ್ ಎಷ್ಟು ತಪ್ಪಿತ್ತೆಂದರೆ ಅದರ ನಡುವಿನ ನಕ್ಷತ್ರ ಐಪೀಸಿನಲ್ಲಿ ಇರಲೇ ಇಲ್ಲ, ರೋಹಿಣಿಯನ್ನೇ ಹಿಡಿದು ಹೊಂದಿಸಿದೆವು. ಮುಟ್ಟಿದರೆ ನಾಲ್ಕೈದು ಸೆಕೆಂಡು ನಡುಗುತ್ತಿದ್ದ ಸ್ಟ್ಯಾಂಡಿನ ಕಾಲುಗಳನ್ನು ಗಿಡ್ಡ ಮಾಡಿ, ನಡುವೆ ಎರಡು ಲೀಟರ್ ನೀರಿನ ಬಾಟಲಿ ನೇತುಹಾಕಿದೆವು. ಅವನ ಮೊಬೈಲ್ ನನ್ನ ಬಳಿ ಕೊಟ್ಟ. ಕಂಬಳಿ ಹೊದಿಸಿ ಕೂರಿಸಿದೆ.

ಒಂಬತ್ತೂವರೆಗೆ ಆಂಡ್ರೊಮಿಡಾದ ನಡುಭಾಗ ಸಿಕ್ಕಿತು, ಬೂದು ಬಣ್ಣದ ಒಂದು ಮಸುಕು ಕಲೆ. "ಇದೇನಾ ಆಂಟಿ?" ಅಂದ. ಇದೇ, ಈ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಯಿತು ಅಂದೆ. ಕಂಬಳಿಯೊಳಗಿಂದ ಬಹಳ ಹೊತ್ತು ಮಾತು ಬರಲಿಲ್ಲ. ಹತ್ತು ಗಂಟೆಯ ಮೇಲೆ ಮಹಾವ್ಯಾಧನ ಕತ್ತಿ ಮೇಲೆ ಬಂದಾಗ ಎಂ42 ನೀಹಾರಿಕೆಯನ್ನು ಅವನೇ ಹುಡುಕಿದ, ರೆಕ್ಕೆ ಬಿಚ್ಚಿದ ಹಾಗಿದೆ ಎಂದು ಅವನೇ ಹೇಳಿದ.

ಎಂ33 ಬೇಕೆಂದು ಹಠ ಹಿಡಿದ. ಇಪ್ಪತ್ತು ನಿಮಿಷ ಹುಡುಕಲು ಬಿಟ್ಟೆ. ಆಮೇಲೆ ಕೆಂಪು ಟಾರ್ಚಿನ ಬೆಳಕಿನಲ್ಲಿ ನೋಟ್‌ಬುಕ್ಕಿನಲ್ಲಿ ಅವನ ಕೈಯಿಂದಲೇ ಬರೆಸಿದೆ: "ಎಂ33, 35 ಪಟ್ಟು. ಚುಕ್ಕಿ ಚೂಪು. ಫೈಂಡರ್ ಸರಿ. ಮೃಗಶಿರದಲ್ಲಿ ಒಂದೇ ನಕ್ಷತ್ರ. ಕಾಣಲಿಲ್ಲ. ದೋಷ: ಆಕಾಶ."